ಮೂರು ಸಲ ತೂಕ ಕಟ್ಟಿದರೂ ನಿಲ್ಲದ ನಡುಕ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಬ್ಯಾಲೆನ್ಸಿಂಗ್ ಅಂಗಡಿ ಇದೆ; ತಿರುಗುವ ಯಂತ್ರಗಳ ತೂಕ ಸರಿದೂಗಿಸುವುದು ಕೆಲಸ. ಫೌಂಡ್ರಿಗಳ ಬ್ಲೋವರುಗಳೇ ವರ್ಷವಿಡೀ ಹೊಟ್ಟೆ ಹೊರೆಯುತ್ತವೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬರುತ್ತದೆ. ಅಂಥದೇ ಒಂದು ರಾತ್ರಿ ಯರಗಟ್ಟಿ, ಲೋಕಾಪುರ ದಾಟಿ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಹೋದೆ. ಬಾಯ್ಲರಿನ ಐಡಿ ಫ್ಯಾನ್ ವಿಪರೀತ ಅದುರುತ್ತಿತ್ತು. ಒಲೆಯ ಹೊಗೆಯನ್ನು ಎಳೆದು ಚಿಮಣಿಗೆ ದಬ್ಬುವ ಫ್ಯಾನ್ ಇದು. ಇದು ನಿಂತರೆ ಹಬೆ ಇಲ್ಲ, ಹಬೆ ಇಲ್ಲದಿದ್ದರೆ ನುರಿಸುವುದಿಲ್ಲ. ಹೊರಗೆ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು.

ಬೇರಿಂಗ್ ಮೇಲೆ ಅಡ್ಡ ದಿಕ್ಕಿನಲ್ಲಿ ಸೆನ್ಸರ್ ಅಂಟಿಸಿದೆ. ಸೆಕೆಂಡಿಗೆ 11 ಮಿಲಿಮೀಟರ್. 250 ಕಿಲೊವ್ಯಾಟಿನ ಮೋಟಾರು ಇರುವ ಇಂಥ ಯಂತ್ರಕ್ಕೆ, ಅದು ಬಳುಕುವ ಆಧಾರದ ಮೇಲೆ ಕೂತಿದೆ ಎಂದು ರಿಯಾಯಿತಿ ಕೊಟ್ಟರೂ, ಐಎಸ್ಒ ಮಾನದಂಡ 7.1 ದಾಟಿದರೆ ಅಪಾಯ ಎನ್ನುತ್ತದೆ. ಆವರ್ತನ ನೋಡಿದರೆ ಒಂದೇ ಒಂದು ಕಂಬ ಎದ್ದು ನಿಂತಿತ್ತು, ಅದೂ ಫ್ಯಾನ್ ಸುತ್ತುವ ವೇಗದಲ್ಲೇ. ಪುಸ್ತಕ ಓದಿದ ಯಾರಾದರೂ ಹೇಳುವ ಉತ್ತರ: ಇಂಪೆಲ್ಲರಿನ (ಫ್ಯಾನಿನ ಎಲೆಗಳ ಚಕ್ರದ) ತೂಕ ಒಂದು ಕಡೆ ವಾಲಿದೆ, ಬ್ಯಾಲೆನ್ಸ್ ಮಾಡಿ. ನಾನೂ ಅದನ್ನೇ ಹೇಳಿದೆ. ಬಗಾಸೆಯ, ಅಂದರೆ ಒಲೆಯಲ್ಲಿ ಉರಿಸುವ ಕಬ್ಬಿನ ಸಿಪ್ಪೆಯ, ಬೂದಿ ಎಲೆಗಳಿಗೆ ಅಂಟುವುದು ಹೊಸದೇನಲ್ಲ.

150 ಗ್ರಾಮಿನ ಪ್ರಯೋಗದ ತೂಕ ಬೆಸೆದು, ಲೆಕ್ಕ ಹಾಕಿ, ಸರಿಯಾದ ತೂಕ ಕೂರಿಸಿದೆ. 6ಕ್ಕೆ ಇಳಿಯಿತು. ಬಿಲ್ ಬರೆಸಿ ಊರಿಗೆ ಬಂದೆ. ಮರುದಿನ ಬೆಳಿಗ್ಗೆ ಮತ್ತೆ 10. ಎರಡನೆಯ ಸಲ ಹೋದೆ, ಮೂರನೆಯ ಸಲವೂ ಹೋದೆ. ಮೂರನೆಯ ಸಲ ತೂಕ ಕಟ್ಟಿದ ಮೇಲೆ ನಡುಕ ಹೆಚ್ಚಾಯಿತು! ನನ್ನ ಉಪಕರಣವೇ ಕೆಟ್ಟಿದೆ ಎಂದುಕೊಂಡೆ. ಏಕೆಂದರೆ ಫೇಸ್ ಕೋನ (ಸುತ್ತಿನ ಯಾವ ಜಾಗದಲ್ಲಿ ನಡುಕ ತುದಿ ಮುಟ್ಟುತ್ತದೆ ಎಂದು ಹೇಳುವ ಕೋನ) ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಈಗ 60 ಡಿಗ್ರಿ ತೋರಿಸಿದ್ದು ಚಹಾ ಕುಡಿದು ಬರುವಷ್ಟರಲ್ಲಿ 110 ತೋರಿಸುತ್ತಿತ್ತು. ಆ ಕೋನ ನನಗೆ ಏನೋ ಹೇಳುತ್ತಿತ್ತು. ನಾನು ಸರಾಸರಿ ತೆಗೆದು ಅದರ ಬಾಯಿ ಮುಚ್ಚಿಸುತ್ತಿದ್ದೆ.

ಅಲ್ಲಿ ನಿವೃತ್ತಿಗೆ ಹತ್ತಿರವಾದ ಫಿಟ್ಟರ್ ಒಬ್ಬರಿದ್ದರು, ಎಲ್ಲರಿಗೂ ಕಾಕಾ. ಬೇರಿಂಗನ್ನು ಹಿಡಿದಿಡುವ ಪ್ಲಮರ್ ಬ್ಲಾಕಿನ ಮೇಲೆ ಅಂಗೈ ಇಟ್ಟುಕೊಂಡೇ ಹೇಳಿದರು: “ಸಾಹೇಬರೇ, ಇದನ್ನು ನಿಮಿಷಕ್ಕೆ ಒಂಬೈನೂರು ಸುತ್ತುಗಳಿಗೆ ಏರಿಸಿ ನೋಡಿ, ತಾನೇ ಸುಮ್ಮನಾಗುತ್ತದೆ.”

“ವೇಗ ಹೆಚ್ಚಿದರೆ ನಡುಕವೂ ಹೆಚ್ಚಬೇಕಲ್ಲ ಕಾಕಾ?”

“ಹಿಂದಿನ ವರ್ಷದವರೆಗೆ ಒಂಬೈನೂರ ಎಂಬತ್ತರಲ್ಲೇ ಓಡುತ್ತಿತ್ತು. ಮೇಲೆ ಚಹಾದ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ.”

ಆಗ ತಲೆಗೆ ಹೊಳೆಯಿತು. ಹಿಂದಿನ ಬಿಡುವಿನಲ್ಲಿ ಈ ಫ್ಯಾನಿಗೆ ಮೋಟಾರಿನ ವೇಗ ಏರಿಳಿಸುವ ವಿಎಫ್‌ಡಿ ಹಾಕಿದ್ದರು. ಫ್ಯಾನಿನ ವಿದ್ಯುತ್ ಬಳಕೆ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಎಂಬತ್ತು ಶೇಕಡಾ ವೇಗಕ್ಕೆ ಸುಮಾರು ಅರ್ಧ ವಿದ್ಯುತ್ ಸಾಕು. ಉಳಿತಾಯ ಒಳ್ಳೆಯದೇ. ಆದರೆ ಇಪ್ಪತ್ತು ವರ್ಷ ಒಂದೇ ವೇಗದಲ್ಲಿ ಓಡಿದ ಯಂತ್ರವನ್ನು ಹೊಸ ವೇಗಗಳಿಗೆ ಕರೆದೊಯ್ಯುವಾಗ, ದಾರಿಯಲ್ಲಿ ಏನಿದೆ ಎಂದು ಯಾರೂ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಾಕಾ ಹೇಳಿದ ಮಾತಿಗೆ ಒಂದು ಇತಿಹಾಸವೇ ಇದೆ. 1869ರಲ್ಲಿ ರ‍್ಯಾಂಕಿನ್‌ನಂಥ ದೊಡ್ಡ ವಿದ್ವಾಂಸ, ತಿರುಗುವ ದಂಡವೊಂದು ತನ್ನ ಕ್ರಿಟಿಕಲ್ ವೇಗವನ್ನು (ತನ್ನದೇ ಲಯಕ್ಕೆ ಸರಿಹೊಂದಿ ನಡುಕ ಶಿಖರಕ್ಕೇರುವ ವೇಗ) ದಾಟಿ ಓಡಲಾರದು ಎಂದು ಬರೆದ. ಸ್ವೀಡನ್ನಿನ ಲಾವಾಲ್ ತನ್ನ ಹಬೆ ಟರ್ಬೈನಿನಲ್ಲಿ ದಾಟಿಸಿಯೇ ತೋರಿಸಿದ. ದಾಟಿದ ಮೇಲೆ ಏಕೆ ಶಾಂತವಾಗುತ್ತದೆ ಎಂಬುದನ್ನು ಜೆಫ್‌ಕಾಟ್ 1919ರಲ್ಲಿ ಲೆಕ್ಕ ಸಮೇತ ವಿವರಿಸಿದ.

ಮುಂದಿನ ವಾರ ಸ್ವಚ್ಛತೆಗೆಂದು ಕಾರ್ಖಾನೆ ನಿಲ್ಲಿಸಿದ ದಿನ ಹೋದೆ. ಫ್ಯಾನನ್ನು 980 ಸುತ್ತುಗಳಿಗೆ ಏರಿಸಿ ವಿದ್ಯುತ್ ಕಡಿದು, ತಾನಾಗಿ ನಿಲ್ಲುವವರೆಗೆ ನಡುಕದ ಅಳತೆಯನ್ನೂ ಕೋನವನ್ನೂ ದಾಖಲಿಸಿದೆ. 980ರಲ್ಲಿ 2.6 ಇತ್ತು. ವೇಗ ಇಳಿಯುತ್ತ ಬಂದಂತೆ ನಡುಕ ಏರಿ, 816ರಲ್ಲಿ 11 ಮುಟ್ಟಿ, ಮತ್ತೆ ಇಳಿದು ಹೋಯಿತು. ಶಿಖರದ ಈಚೆಗೂ ಆಚೆಗೂ ಕೋನ ಹೆಚ್ಚುಕಡಿಮೆ 180 ಡಿಗ್ರಿ ಹೊರಳಿತ್ತು. ನಿಂತ ಮೇಲೆ ರಬ್ಬರ್ ಸುತ್ತಿಗೆಯಿಂದ ಬೇರಿಂಗ್ ಪೀಠಕ್ಕೆ ಅಡ್ಡಲಾಗಿ ಒಂದು ಏಟು ಕೊಟ್ಟೆ. ಪರದೆಯ ಮೇಲೆ 13.6 ಹರ್ಟ್ಸ್. ಅರವತ್ತರಿಂದ ಗುಣಿಸಿ: 816.

ಪಂಚಮಿಯ ಜೋಕಾಲಿ ಜೀಕಿದವರಿಗೆ ಇದು ಗೊತ್ತು. ಜೋಕಾಲಿ ತನ್ನ ಲಯದಲ್ಲೇ ತೂಗುತ್ತದೆ. ಆ ಲಯಕ್ಕೆ ಸರಿಯಾಗಿ, ಅದು ಕೆಳಗೆ ರಭಸದಿಂದ ಸಾಗುವಾಗ ಒತ್ತಿದರೆ, ಸಣ್ಣ ಹುಡುಗಿಯ ಬಲಕ್ಕೂ ಮರದ ಟೊಂಗೆ ಮುಟ್ಟುತ್ತದೆ. ಬಲ ಸ್ಥಳಾಂತರಕ್ಕಿಂತ 90 ಡಿಗ್ರಿ ಮುಂದೆ ಇರುವುದು ಎಂದರೆ ಇಷ್ಟೇ. ನನ್ನ ಫ್ಯಾನಿನ ಡ್ಯಾಂಪಿಂಗ್ (ನಡುಕವನ್ನು ತಣಿಸುವ ಗುಣ) ಕೇವಲ 3 ಶೇಕಡಾ ಇತ್ತು, ಅಂದರೆ ಶಿಖರದಲ್ಲಿ ಹದಿನಾರು ಪಟ್ಟಿಗೂ ಮೀರಿದ ವರ್ಧನೆ. ಇಂಥ ಜಾಗದಲ್ಲಿ ವೇಗ ಎಂಟು ಸುತ್ತು ಸರಿದರೆ ಕೋನ ಸುಮಾರು 18 ಡಿಗ್ರಿ ಸರಿಯುತ್ತದೆ. ಬಾಯ್ಲರಿನ ಹೊರೆಗೆ ತಕ್ಕಂತೆ ವಿಎಫ್‌ಡಿ ಹತ್ತಿಪ್ಪತ್ತು ಸುತ್ತು ಆಚೀಚೆ ಆಡುತ್ತಲೇ ಇತ್ತು. ಅಂಥ ಕೋನವನ್ನು ನಂಬಿ ತೂಕ ಕಟ್ಟಿದ್ದೆನಲ್ಲ, ಮೂರು ಸಲ!

ಆ ದಿನವೇ ವಿಎಫ್‌ಡಿಯಲ್ಲಿ ಮೋಟಾರಿಗೆ ಹೋಗುವ ವಿದ್ಯುತ್ತಿನ 39.5ರಿಂದ 43.5 ಹರ್ಟ್ಸ್‌ವರೆಗಿನ ಪಟ್ಟಿಯನ್ನು, ಅಂದರೆ 816ರ ಆಚೀಚೆಯ ವೇಗಗಳನ್ನು, ನಿಷೇಧಿಸಿದೆವು. ಡ್ರೈವ್ ಆ ಪಟ್ಟಿಯಲ್ಲಿ ನಿಲ್ಲದೆ ಹಾದು ಹೋಗುತ್ತದೆ. ಹಂಗಾಮು ಹಾಗೇ ಮುಗಿಯಿತು.

ಪೀಠದ ಮೇಲೆ ಮರಳಿನ ಚೀಲ ಹೇರೋಣ ಎಂದು ಒಬ್ಬರು ಸೂಚಿಸಿದರು. ಬೇಡವೆಂದೆ. ಭಾರ ಹೆಚ್ಚಿದರೆ ಪೀಠದ ಸ್ವಾಭಾವಿಕ ಆವರ್ತನ, ಅಂದರೆ ಅದರದೇ ಲಯ, ಕೆಳಗಿಳಿಯುತ್ತದೆ; ಶಿಖರ ಹೋಗುವುದಿಲ್ಲ, ಕಡಿಮೆ ಹೊರೆಯಲ್ಲಿ ಓಡುವ ವೇಗಕ್ಕೆ ಬಂದು ಕೂರುತ್ತದೆ. ನಮಗೆ ಬೇಕಾಗಿದ್ದದ್ದು ಬಿಗಿತ. ಎಲ್ಲಿ ಸಡಿಲವಿದೆ ಎಂದು ಹುಡುಕಲು, ಹಂಗಾಮು ಮುಗಿಯುವ ಮುನ್ನ, 780ರಲ್ಲಿ ಓಡುತ್ತಿದ್ದಾಗ ಸೆನ್ಸರನ್ನು ಮೇಲಿನಿಂದ ಕೆಳಗೆ ಗೇಣು ಗೇಣಿಗೆ ಇಳಿಸುತ್ತ ಬಂದಿದ್ದೆ. ಬೇಸ್ ಪ್ಲೇಟಿನ ಮೇಲೂ ಚೆನ್ನಾಗಿಯೇ ಅಲುಗುತ್ತಿತ್ತು, ನಾಲ್ಕು ಬೆರಳು ಆಚೆಯ ಕಾಂಕ್ರೀಟಿನಲ್ಲಿ ಅದರ ಐದನೆಯ ಒಂದು ಪಾಲೂ ಇರಲಿಲ್ಲ. ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಪ್ಲೇಟಿನ ಅಂಚಿನಲ್ಲಿ ಎಣ್ಣೆಗೂಡಿದ ಬೂದಿಯ ಕಪ್ಪು ಗೆರೆ, ಅದರಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಏಳುತ್ತ ಒಡೆಯುತ್ತ ಇದ್ದವು. ಪ್ಲೇಟು ಉಸಿರಾಡುತ್ತಿತ್ತು. ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ತುಂಬಿದ್ದ ಗ್ರೌಟ್ (ಗಾರೆ) ಯಾವಾಗಲೋ ಪುಡಿಯಾಗಿತ್ತು.

ಬಿಡುವಿನಲ್ಲಿ ಹಳೆಯ ಗ್ರೌಟ್ ಕೆತ್ತಿಸಿ ಎಪಾಕ್ಸಿ ಗ್ರೌಟ್ ಸುರಿಸಿದೆವು, ಪೀಠದ ಎರಡೂ ಮಗ್ಗುಲಿಗೆ ಓರೆಯಾಗಿ ದಪ್ಪ ತಗಡಿನ ಆಸರೆ ಬೆಸೆಸಿದೆವು. ಇಲ್ಲಿ ಲೆಕ್ಕ ಸ್ವಲ್ಪ ಜಿಪುಣ: ಬಿಗಿತ ಎರಡು ಪಟ್ಟಾದರೂ ಆವರ್ತನ 1.41 ಪಟ್ಟು ಮಾತ್ರ ಏರುತ್ತದೆ. 16.3 ಹರ್ಟ್ಸಿನ ಗರಿಷ್ಠ ವೇಗದಿಂದ ಸಾಕಷ್ಟು ದೂರ ಹೋಗಲು 20 ದಾಟಬೇಕಿತ್ತು. ಸುತ್ತಿಗೆಯ ಏಟಿಗೆ ಬಂದ ಉತ್ತರ 20.4. ಆಮೇಲೆ 980ರಲ್ಲಿ ಒಂದೇ ಪ್ರಯೋಗದ ತೂಕಕ್ಕೆ ಬ್ಯಾಲೆನ್ಸ್ ಕೂತಿತು, ಕೋನ ಕದಲಲಿಲ್ಲ. ಕೊನೆಗೆ ಉಳಿದದ್ದು 0.9.

ಹೊಸ ಹಂಗಾಮಿನ ಪರೀಕ್ಷೆಯ ದಿನ 400ರಿಂದ ನಿಧಾನವಾಗಿ ಏರಿಸಿದೆವು. 816 ಬಂತು, ಹೋಯಿತು. ಕಾಕಾ ಅಂಗೈ ತೆಗೆಯಲೇ ಇಲ್ಲ. 870ರ ಆಸುಪಾಸಿನಲ್ಲಿ ಮಾತ್ರ ಡಕ್ಟಿನ ತಗಡೊಂದು ಗುಂಯ್ ಎಂದಿತು. ಹನ್ನೆರಡು ಎಲೆಯ ಇಂಪೆಲ್ಲರ್; ಆ ವೇಗದಲ್ಲಿ ಎಲೆಗಳು ಸೆಕೆಂಡಿಗೆ 174 ಸಲ ಹಾದು ಹೋಗುತ್ತವೆ, ಆ ತಗಡಿನ ಲಯವೂ ಅದೇ ಇರಬೇಕು. ಅಡ್ಡಲಾಗಿ ಒಂದು ಆ್ಯಂಗಲ್ ಬೆಸೆಸಿ ಎಂದು ಬರೆದುಕೊಟ್ಟು ಬಂದಿದ್ದೇನೆ. ಇನ್ನೂ ಬೆಸೆಸಿಲ್ಲ.