ಎಣಿಸದೇ ಬಂದ ಸೂಲು

ಹೆಣ್ಣುನಾಯಿ ಬೆದೆಗೆ ಬಂದಾಗ ಮೊದಲ ರಕ್ತ ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಅಲ್ಲಿಂದ ಪೂರ್ತಿ ಮೂರು ವಾರ ಅದು ಕಣ್ಣಿನ ಮುಂದೆಯೇ ಇರಬೇಕು. ನಮ್ಮ ಮುಧೋಳ ಸೀಮೆಯಲ್ಲಿ ಬೇಟೆನಾಯಿ ಸಾಕುವವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ವರ್ಷಕ್ಕೆ ಇಬ್ಬರು ಮೂವರು ಮುಖ ಬಾಡಿಸಿಕೊಂಡು ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ತಪ್ಪುವುದು ಹೆಚ್ಚಾಗಿ ಎರಡನೆಯ ವಾರದಲ್ಲಿ. ರಕ್ತ ತೆಳುವಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಬೆದೆ ಮುಗಿಯಿತು ಎಂದುಕೊಂಡು ಸರಪಳಿ ಬಿಚ್ಚುತ್ತಾರೆ. ಹೆಣ್ಣು ಗಂಡನ್ನು ಒಪ್ಪುವ ಹೊತ್ತು ಶುರುವಾಗುವುದೇ ಆಗ. ಈ ಉದ್ದಕಾಲಿನ ಜಾತಿಗೆ ಐದಡಿ ಗೋಡೆ ಒಂದು ಲೆಕ್ಕವಲ್ಲ.

ಗಂಟುಬಿದ್ದ ನಾಯಿಗಳನ್ನು ಕಂಡೊಡನೆ ಕೋಲು ಹಿಡಿದು ಓಡಬೇಡಿ. ಎಳೆದಾಡಿದರೆ ಎರಡಕ್ಕೂ ಒಳಗಾಯವಾಗುತ್ತದೆ, ಆಗಬೇಕಾದದ್ದು ಅಷ್ಟರಲ್ಲಿ ಆಗಿಯೇ ಹೋಗಿರುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾವಾಗಿ ಬಿಡುತ್ತವೆ. ಹೆಣ್ಣಿನ ಪಕ್ಕ ನಿಂತು ಮೈ ಸವರುತ್ತಿರಿ, ಆಮೇಲೆ ತಾರೀಕು ಬರೆದಿಡಿ. ಔಷಧದ ಅಂಗಡಿಗೆ ಹೋಗಿ ಗಬ್ಬ ಇಳಿಸುವ ಸೂಜಿಮದ್ದು ಕೇಳುವ ಕೆಲಸವನ್ನಂತೂ ಮಾಡಲೇಬೇಡಿ. ನಾನು ಸಣ್ಣ ವಯಸ್ಸಿನಲ್ಲಿ ಯಾರೋ ಹೇಳಿದರೆಂದು ಅಂಥದ್ದೊಂದನ್ನು ತಂದು ಚುಚ್ಚಿಸಿದ್ದೆ. ಎರಡು ತಿಂಗಳಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಆ ನಾಯಿ ನೀರು ಕುಡಿದು ಕುಡಿದು ಸತ್ತಿತು. ಆ ಸೂಜಿಮದ್ದಿನಲ್ಲಿದ್ದ ಈಸ್ಟ್ರೋಜನ್ ಎಂಬ ಹಾರ್ಮೋನು ಗರ್ಭಕೋಶವನ್ನಷ್ಟೇ ಅಲ್ಲ, ರಕ್ತ ಹುಟ್ಟುವ ಅಸ್ಥಿಮಜ್ಜೆಯನ್ನೂ ಹಾಳುಮಾಡಬಲ್ಲದು. ಮರಿ ಬೇಡವೆಂದಿದ್ದರೆ ಮೊದಲ ವಾರದಲ್ಲೇ ಪಶುವೈದ್ಯರ ಬಳಿ ಹೋಗಿ. ಇನ್ನು ಮುಂದೆ ತಳಿಗೆ ಬೇಡದ ನಾಯಿಯಾದರೆ ಗರ್ಭಕೋಶವನ್ನೇ ತೆಗೆಸಬಹುದು. ನಮ್ಮ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಮದ್ದುಗಳು ಬೇಗ ಇಳಿಯುವುದಿಲ್ಲ. ಇದು ಬೇಟೆನಾಯಿ ಎಂದು ವೈದ್ಯರಿಗೆ ಮೊದಲೇ ಹೇಳಿ. 18 ತಿಂಗಳು ತುಂಬದ ಹೆಣ್ಣಾದರೆ ಈ ಭೇಟಿ ಇನ್ನೂ ಮುಖ್ಯ, ಅದರ ಮೈಯೇ ಇನ್ನೂ ಬಲಿತಿರುವುದಿಲ್ಲ.

ಕೆಲವರು ಇಲ್ಲಿ ಇನ್ನೊಂದು ಎಡವಟ್ಟು ಮಾಡುತ್ತಾರೆ. ಬೀದಿನಾಯಿ ಕೂಡಿದ ಮರುದಿನವೇ ಒಳ್ಳೆಯ ತಳಿಯ ಗಂಡನ್ನು ತಂದು ಕೂಡಿಸಿ, ಹಿಂದಿನದು ತೊಳೆದುಹೋಯಿತು ಎಂದು ನೆಮ್ಮದಿಪಡುತ್ತಾರೆ. ಏನೂ ತೊಳೆದುಹೋಗುವುದಿಲ್ಲ. ಗಂಡಿನ ಬೀಜ ಹೆಣ್ಣಿನ ಒಡಲಲ್ಲಿ ಹಲವು ದಿನ ಬದುಕಿರುತ್ತದೆ, ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳು ಹುಟ್ಟುತ್ತವೆ. ಆಗ ಯಾವುದು ಯಾರದ್ದೆಂದು ಡಿಎನ್ಎ ಪರೀಕ್ಷೆ ಮಾಡಿಸದೆ ಗಟ್ಟಿಯಾಗಿ ಹೇಳಲಾಗದು. ಒಮ್ಮೆ ಬೀದಿನಾಯಿಗೆ ಮರಿ ಹಾಕಿದ ಹೆಣ್ಣಿನ ರಕ್ತ ಕಾಯಂ ಕೆಟ್ಟಿತು, ಮುಂದಿನ ಸೂಲೂ ಬೆರಕೆಯೇ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಅದು ಸುಳ್ಳು. ಈ ಸುಳ್ಳಿನಿಂದಾಗಿ ಎಷ್ಟೋ ಒಳ್ಳೆಯ ನಾಯಿಗಳು ಮನೆ ಕಳೆದುಕೊಂಡಿವೆ. ಆ ಸೂಲಿನ ತಂದೆ ಆ ಸೂಲಿಗಷ್ಟೇ ತಂದೆ.

ಮರಿ ಹಾಕಿಸುವುದೆಂದು ನಿಶ್ಚಯಿಸಿದ ಮೇಲೆ ಬೇಡದ ಸೂಲು, ಬೇಕಾದ ಸೂಲು ಎಂಬ ಭೇದವನ್ನು ಮನಸ್ಸಿನಿಂದ ತೆಗೆದುಹಾಕಿ. ಕೂಡಿದ ದಿನದಿಂದ ಸುಮಾರು 63 ದಿನ. ತಿಂಗಳ ಹೊತ್ತಿಗೆ ಸ್ಕ್ಯಾನಿಂಗಿನಲ್ಲಿ ಗಬ್ಬ ಗೊತ್ತಾಗುತ್ತದೆ, 55 ದಿನ ದಾಟಿದ ಮೇಲೆ ಎಕ್ಸ್‌-ರೇ ತೆಗೆಸಿದರೆ ಮರಿಗಳನ್ನು ಎಣಿಸಬಹುದು. ಈ ಎಣಿಕೆ ಬಹಳ ಉಪಯುಕ್ತ, ಒಳಗೆ ಇನ್ನೊಂದು ಉಳಿದಿದೆಯೋ ಇಲ್ಲವೋ ಎಂದು ನಡುರಾತ್ರಿ ಒದ್ದಾಡುವುದು ತಪ್ಪುತ್ತದೆ. ಆರನೆಯ ವಾರದಿಂದ ಊಟ ಹೆಚ್ಚಿಸಿ. ಬರೀ ಜೋಳದ ರೊಟ್ಟಿ, ಮೆಕ್ಕೆಜೋಳದ ನುಚ್ಚು ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ಆದರೆ ಪ್ರೀತಿಯಿಂದ ಕ್ಯಾಲ್ಸಿಯಂ ಮಾತ್ರೆ ತಿನ್ನಿಸಬೇಡಿ. ಗಬ್ಬದಲ್ಲಿ ಹೊರಗಿನಿಂದ ಕೊಟ್ಟರೆ ಮೈ ತನ್ನದೇ ಮೂಳೆಯಿಂದ ಅದನ್ನು ತೆಗೆದುಕೊಳ್ಳುವುದನ್ನು ಮರೆಯುತ್ತದೆ, ಹಾಲೂಡುವಾಗ ಒಮ್ಮೆಲೇ ಕೊರತೆ ಬೀಳುತ್ತದೆ. ಆಗ ತಾಯಿ ಏದುಸಿರು ಬಿಡುತ್ತಾ ನಡುಗಿ, ಕಾಲು ಸೆಟೆದು ನಿಲ್ಲುತ್ತದೆ. ಅದನ್ನು ಕಂಡರೆ ಬೆಳಗಿನವರೆಗೆ ಕಾಯಬೇಡಿ, ಮರಿಗಳನ್ನು ಮೊಲೆಯಿಂದ ಬಿಡಿಸಿ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.

ದಿನ ತುಂಬುವ ಹೊತ್ತಿಗೆ ಬೆಳಿಗ್ಗೆ ಸಂಜೆ ಜ್ವರದ ಕಡ್ಡಿ ಇಟ್ಟು ನೋಡಿ. 99 ಡಿಗ್ರಿಗಿಂತ ಕೆಳಗಿಳಿದರೆ ಒಂದು ಹಗಲು ಒಂದು ರಾತ್ರಿಯೊಳಗೆ ಮರಿ ಹಾಕುತ್ತದೆ. ಮೊದಲ ಮರಿಗೆ ಮುನ್ನವೇ ಹಸಿರು ನೀರು ಬಂದರೆ, ಅರ್ಧ ಗಂಟೆ ಗಟ್ಟಿಯಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಳಗೆ ಮರಿ ಇದ್ದೂ ಎರಡು ಗಂಟೆ ಸುಮ್ಮನೆ ಕಳೆದರೆ ವಾಹನ ತರಿಸಿ. ಉಳಿದದ್ದೆಲ್ಲ ತಾಯಿಗೆ ಗೊತ್ತಿದೆ. ನೋಡಲು ಬರುವ ನೆರೆಹೊರೆಯವರನ್ನು ಮಾತ್ರ ದೂರವಿಡಿ.

ನಮ್ಮಲ್ಲಿ ಹೀಗೆ ಎಣಿಸದೇ ಆದ ಒಂದು ಸೂಲಿನಲ್ಲಿ ಏಳು ಮರಿ. ಪ್ರತಿಯೊಂದರ ಕುತ್ತಿಗೆಗೆ ಒಂದೊಂದು ಬಣ್ಣದ ಉಣ್ಣೆಯ ದಾರ ಸಡಿಲವಾಗಿ ಕಟ್ಟಿ, ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆ. ಮರಿ ದಿನದಿನಕ್ಕೂ ತೂಕ ಏರಿಸಿಕೊಂಡು ಹತ್ತು ದಿನಕ್ಕೆ ಹುಟ್ಟಿದಾಗಿನ ಎರಡರಷ್ಟಾಗಬೇಕು. ಹಳದಿ ದಾರದ ಸಣ್ಣದೊಂದು ಮೂರನೆಯ ದಿನ ಇದ್ದಲ್ಲೇ ಇತ್ತು. ಎತ್ತಿಕೊಂಡರೆ ಬಾಯೊಳಗೆ ಬೆರಳಿಗೆ ತಣ್ಣಗೆ ತಾಗಿತು. ಹಾಲು ಕುಡಿಸಲು ಓಡಿಬಂದ ಸೊಸೆಯನ್ನು ತಡೆದೆ. ತಣ್ಣಗಾದ ಮರಿಯ ಹೊಟ್ಟೆಯಲ್ಲಿ ಹಾಲು ಅರಗುವುದಿಲ್ಲ, ಉಸಿರುಗೊಳವೆಗೆ ಹೋಗಿ ಅದನ್ನೇ ಕೊಲ್ಲುತ್ತದೆ. ಬಿಸಿನೀರಿನ ಬಾಟಲಿಗೆ ಕಂಬಳಿ ತುಂಡು ಸುತ್ತಿ ಅದರ ಪಕ್ಕ ಮಲಗಿಸಿ, ಮೈ ನಿಧಾನವಾಗಿ ಬೆಚ್ಚಗಾದ ಮೇಲೆ ತಾಯಿಯ ಹಿಂಗಾಲ ಬಳಿಯ ಮೊಲೆಗೆ ಹಿಡಿದೆವು, ಅಲ್ಲಿ ಹಾಲು ಹೆಚ್ಚು. ಮೊದಲ ವಾರ ಮರಿಗಳು ಮಲಗುವ ಜಾಗ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಿರಬೇಕು, ನಮ್ಮ ಕಡೆಯ ಮಾಗಿಯ ರಾತ್ರಿಗಳಲ್ಲಿ ಇದು ತಾನಾಗಿ ಸಿಗುವುದಿಲ್ಲ. ತಾಯಿಯ ಹಾಲು ಸಾಲದಿದ್ದರೆ ಆಕಳ ಹಾಲೊಂದನ್ನೇ ನಂಬಬೇಡಿ. ನಾಯಿಯ ಹಾಲಿನಷ್ಟು ಕೊಬ್ಬೂ ಪ್ರೋಟೀನೂ ಅದರಲ್ಲಿಲ್ಲ. ಮರಿಗಳ ಹಾಲಿನ ಪುಡಿ ತನ್ನಿ. ಕುಡಿಸುವಾಗ ಕೂಸಿನಂತೆ ಅಂಗಾತ ಹಿಡಿಯದೆ ಹೊಟ್ಟೆ ಕೆಳಗಾಗಿ ಮಲಗಿಸಿ. ಜಂತುಹುಳುವಿನ ಔಷಧ ಎರಡನೆಯ ವಾರದಿಂದ, ಮೆತ್ತನೆಯ ಊಟ ನಾಲ್ಕನೆಯ ವಾರದ ಹೊತ್ತಿಗೆ, ವಾಂತಿಭೇದಿ ತಂದು ಮರಿಗಳನ್ನು ಕೊಲ್ಲುವ ಪಾರ್ವೊ ರೋಗದ ಲಸಿಕೆ ಆರರಿಂದ ಎಂಟನೆಯ ವಾರದ ನಡುವೆ.

ಇನ್ನು ಮರಿ ಕೊಡುವ ಮಾತು. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು, 2016ರಲ್ಲಿ ನಮ್ಮ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಆಮೇಲೆ ದೂರದ ನಗರಗಳಿಂದಲೂ ಮರಿ ಕೇಳಿಕೊಂಡು ಬರುವವರು ಹೆಚ್ಚಾದರು. ಬೆರಕೆ ಮರಿಯನ್ನೂ ಅಸಲಿ ಎಂದು ಒಯ್ಯಲು ದಲ್ಲಾಳಿಗಳು ಸಿದ್ಧರಿರುತ್ತಾರೆ, ಎಳೆಯದರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ. ನಾಲ್ಕು ತಿಂಗಳಿಗೆ ತಲೆ ಅಗಲವಾಗಿ, ಬಾಲ ಸುರುಳಿ ಸುತ್ತಿದಾಗ ಆ ಮರಿಯನ್ನು ರಸ್ತೆಗೆ ಬಿಡುತ್ತಾರೆ. ನಮ್ಮ ಸುಳ್ಳಿಗೆ ಪೆಟ್ಟು ತಿನ್ನುವುದು ಅದು. ನಾನು ಏಳಕ್ಕೂ ತಂದೆ ಬೀದಿನಾಯಿ ಎಂದು ಹೇಳಿಯೇ ಕೊಟ್ಟೆ, ಲಸಿಕೆಯ ಖರ್ಚಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳಲಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದೆ. ಸುಮ್ಮನೆ ಕೊಡುವುದಾದರೂ ಎಂಟು ವಾರ ಕಾಯಿರಿ, ಕಚ್ಚುವಾಗ ಎಷ್ಟು ಕಚ್ಚಬೇಕೆಂದು ಮರಿ ಕಲಿಯುವುದು ಒಡಹುಟ್ಟಿದವುಗಳ ನಡುವೆ. ಒಯ್ಯುವವರ ಮನೆಯಲ್ಲಿ ಓಡಲು ಜಾಗವಿದೆಯೇ ನೋಡಿ, ಬೆರಕೆಯಾದರೂ ಈ ಕಾಲುಗಳು ಓಟಕ್ಕೇ ಹುಟ್ಟಿದವು. ಹಳದಿ ದಾರದ್ದನ್ನು ದ್ರಾಕ್ಷಿ ತೋಟದವರೊಬ್ಬರು ಕೇಳಿ ಒಯ್ದರು, ಅದರ ಬಾಲ ಆಗಲೇ ಸುರುಳಿ ಸುತ್ತಲು ಶುರುವಾಗಿತ್ತು.

ಕೊನೆಯ ಮರಿ ಹೋದ ದಿನ ತಾಯಿಗೆ ಊಟ ಅರ್ಧ ಮಾಡಿ, ಹಾಲು ಬೇಗ ಬತ್ತುತ್ತದೆ. ಕೆಚ್ಚಲು ಬಿಸಿಯಾಗಿ ಕಲ್ಲಿನಂತಾಗಿದೆಯೇ ಎಂದು ಕೈಯಿಟ್ಟು ನೋಡುತ್ತಿರಿ. ಮನೆಯಲ್ಲೇ ಗಂಡುಮರಿ ಉಳಿಸಿಕೊಂಡಿದ್ದರೆ ಆರು ತಿಂಗಳಾಗುತ್ತಲೇ ತಾಯಿಯಿಂದಲೂ ತಂಗಿಯರಿಂದಲೂ ಬೇರೆ ಕಟ್ಟಿ. ಗೋಡೆಯ ಮೇಲೆ ಒಳಕ್ಕೆ ಬಾಗಿದ ಎರಡಡಿ ತಂತಿಜಾಲರಿಯನ್ನು ಮುಂದಿನ ಬೆದೆಗೆ ಮೊದಲೇ ಹಾಕಿಸಿ, ಅದಕ್ಕೆ ನಿಮಗೆ ಕೆಲವೇ ತಿಂಗಳ ಸಮಯವಿದೆ.