ಸಂಬಳದ ಚೀಟಿಯಲ್ಲೇ ಇದೆ ಡಾಕ್ಟರ್ ಫೀಸು

ಹೋದ ಮಳೆಗಾಲದಲ್ಲಿ ಮುಂಬಯಿಯ ಮಾಟುಂಗ ಕಡೆಯ ಒಂದು ಹೋಟೆಲಿನಲ್ಲಿ ಕುಂದಾಪುರದ ಹುಡುಗನೊಬ್ಬ ನಾಲ್ಕು ದಿನ ಜ್ವರ ಇಟ್ಟುಕೊಂಡೇ ದೋಸೆ ಕಾವಲಿ ಮುಂದೆ ನಿಂತಿದ್ದ. ಡಾಕ್ಟರ ಹತ್ತಿರ ಯಾಕೆ ಹೋಗಿಲ್ಲ ಮಾರಾಯ ಅಂದರೆ, "ಫೀಸು, ರಕ್ತ ಪರೀಕ್ಷೆ ಅಂತ ಸಾವಿರ ದಾಟ್ತದೆ ಅಣ್ಣ" ಅಂದ. ಅವನ ಸಂಬಳದ ಚೀಟಿ ನೋಡಿದೆ. 16,000 ಸಂಬಳ, ಕೆಳಗೆ ಇಎಸ್ಐ, ಅಂದರೆ ಕೆಲಸಗಾರರ ಸರಕಾರಿ ಆರೋಗ್ಯ ವಿಮೆ, ಅಂತ 120 ರೂಪಾಯಿ ಕಡಿತ. ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಿದ್ದಾನೆ, ಯಾತಕ್ಕೆ ಅಂತ ಯಾರೂ ಹೇಳಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ಹಾಗಾಗಿ ಮೊದಲು ನಿಮ್ಮ ಚೀಟಿ ತೆಗೆದು ನೋಡಿ. ತಿಂಗಳ ಸಂಬಳ 21,000ದ ಒಳಗಿದ್ದು, ಕೆಲಸದ ಜಾಗ ಇಎಸ್ಐ ಕೆಳಗೆ ಬಂದರೆ ನಿಮ್ಮಿಂದ ಶೇ 0.75, ಮಾಲೀಕರಿಂದ ಶೇ 3.25 ಹೋಗುತ್ತದೆ. ಮಾಲೀಕರ ಹತ್ತಿರ ಅಥವಾ ಲೆಕ್ಕ ಬರೆಯುವವರ ಹತ್ತಿರ ನಿಮ್ಮ 10 ಅಂಕಿಯ ಇಎಸ್ಐ ನಂಬರ್ ಮತ್ತು ಇ-ಪೆಹಚಾನ್ ಕಾರ್ಡ್ (ಇಎಸ್ಐ ಗುರುತಿನ ಚೀಟಿ) ಕೇಳಿ. ಸಂಕೋಚ ಬೇಡ, ಅದು ನಿಮ್ಮದೇ. ಅದರಲ್ಲಿ ಹೆಂಡತಿ ಮಕ್ಕಳ ಹೆಸರು, ನಿಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನ ಹೆಸರು ಸೇರಿದೆಯಾ ಅಂತ ಒಂದೊಂದಾಗಿ ಓದಿ, ಇಲ್ಲದಿದ್ದರೆ ಈಗಲೇ ಸೇರಿಸಿ, ಜ್ವರ ಬಂದ ಮೇಲೆ ಓಡಾಡುವುದು ಕಷ್ಟ. ಆಮೇಲೆ ನಿಮಗೆ ಹಾಕಿಕೊಟ್ಟ ಡಿಸ್ಪೆನ್ಸರಿ ಯಾವುದು ಅಥವಾ ಪ್ಯಾನಲ್ ಡಾಕ್ಟರ್ (ಇಎಸ್ಐ ಪಟ್ಟಿಯಲ್ಲಿರುವ ಖಾಸಗಿ ಡಾಕ್ಟರ್) ಯಾರು ಅಂತ ತಿಳಿದುಕೊಂಡು ನೇರ ಹೋಗಿ. ಅಲ್ಲಿ ನೋಡುವುದಕ್ಕೂ ಔಷಧಿಗೂ ದುಡ್ಡಿಲ್ಲ.

ಇಎಸ್ಐ ಇಲ್ಲವಾ? ಮುಂಬಯಿ ಪಾಲಿಕೆಯ 'ಆಪ್ಲಾ ದವಾಖಾನಾ' ಕ್ಲಿನಿಕ್ ಹುಡುಕಿ. 2022ರಲ್ಲಿ ಶುರುವಾದದ್ದು, ಡಾಕ್ಟರ್ ನೋಡುವುದು, ಮಾತ್ರೆ, ರಕ್ತ ಪರೀಕ್ಷೆ ಎಲ್ಲ ಉಚಿತ. ಪಾಲಿಕೆಯ ಪಟ್ಟಿಯಲ್ಲಿ 147 ಬಗೆಯ ಪರೀಕ್ಷೆಗಳಿವೆ. ಸುಮಾರು ಕಡೆ ರಾತ್ರಿ 10ರವರೆಗೆ ತೆರೆದಿರುತ್ತದೆ, ಹೋಟೆಲಿನವರಿಗೆ ಇದೇ ದೊಡ್ಡ ಅನುಕೂಲ, ಆದರೂ ನಿಮ್ಮ ಹತ್ತಿರದ್ದರ ಸಮಯ ಒಮ್ಮೆ ಕೇಳಿಕೊಂಡೇ ಹೋಗಿ. ಆಧಾರ್ ಇಟ್ಟುಕೊಳ್ಳಿ. ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಯ ಪಟ್ಟಿಯೂ ಜೇಬಿನಲ್ಲಿರಲಿ, ಹೆಸರು ಬಾಯಿಗೆ ಬರುವುದಿಲ್ಲ ಅಲ್ವಾ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ಪರೇಲಿನ ಕೆಇಎಂ, ಸಯನ್, ನಾಯರ್ ಇವೆ. ಕೇಸ್ ಪೇಪರ್ (ಹೆಸರು ಬರೆಸಿ ಪಡೆಯುವ ಚೀಟಿ) ಮಾಡಿಸುವ ಸಾಲು ಬೆಳಿಗ್ಗೆ ಬೇಗ ಬೆಳೆಯುತ್ತದೆ, ಬೇಗ ಹೋಗಿ.

ಇನ್ನೊಂದು ಮಾತು, ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಕೇಂದ್ರದ ಆರೋಗ್ಯ ಯೋಜನೆಯ ಆಯುಷ್ಮಾನ್ ಕಾರ್ಡ್ ಹಿಡಿದುಕೊಂಡು ಸುಮ್ನೆ ಕೆಮ್ಮು ತೋರಿಸಲು ಹೋದರೆ ಅದು ನಡೆಯುವುದಿಲ್ಲ. ಅದು ಮುಖ್ಯವಾಗಿ ಅಡ್ಮಿಟ್ ಆಗುವವರಿಗೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಮಹಾರಾಷ್ಟ್ರ ಸರಕಾರದ್ದೇ ಆದ ಮಹಾತ್ಮ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಗೆ ಇಲ್ಲಿಯ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಬೇಕು, ನಮ್ಮವರ ರೇಷನ್ ಕಾರ್ಡ್ ಮಾತ್ರ ಇನ್ನೂ ಊರಲ್ಲೇ ಇರುತ್ತದೆ. ಊರಿನ ಕಡೆ ಆಯುಷ್ಮಾನ್ ಕಾರ್ಡ್ ಮಾಡಿಸಿದ್ದರೆ, ಕೇಂದ್ರದ ಯೋಜನೆಯ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ, ಇಲ್ಲಿಯ ಪಟ್ಟಿಯ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ 70 ದಾಟಿದ ಅಜ್ಜಿ ಅಜ್ಜ ಇದ್ದರೆ ಆದಾಯ ಎಷ್ಟೇ ಇರಲಿ, ಅವರಿಗೆ ಬೇರೆಯೇ ಆಯುಷ್ಮಾನ್ ಕಾರ್ಡ್ ಸಿಗುತ್ತದೆ, ಆಧಾರ್ ಸಾಕು.

ಆ ಹುಡುಗನ ಇಎಸ್ಐ ಕಾರ್ಡಿನಲ್ಲಿ ಅಮ್ಮನ ಹೆಸರು ಇರಲಿಲ್ಲ. ಅಮ್ಮನ ಆಧಾರ್ ಫೋಟೋ ಕಳಿಸು ಅಂತ ಅಲ್ಲಿಂದಲೇ ಊರಿನ ಅಕ್ಕನಿಗೆ ಫೋನ್ ಮಾಡಿಸಿದೆ.