ಲಾಕ್ ಆದ ಫೋನ್ ಕೈಗೆ ಬಂದಾಗ

ಹೋದ ವರ್ಷ ಆಷಾಢದ ಮಳೆಯಲ್ಲಿ ಹುಲೇಕಲ್ ಕಡೆಯ ಒಬ್ಬ ಅಮ್ಮ ಶಿರಸಿಯ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಬಂದರು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೊಂದು ಪಾಣಿಪಂಚೆ ಸುತ್ತಿ, ಚೀಲದ ತಳದಲ್ಲಿ ಇಟ್ಟುಕೊಂಡಿದ್ದರು. ಊರಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಿ ಫೋನ್ ಆಫ್ ಆಗಿತ್ತು. ಕರೆಂಟ್ ಬಂದ ಮೇಲೆ ಚಾರ್ಜಿಗೆ ಹಾಕಿದರೆ ಪಿನ್ ಕೇಳುತ್ತಿದೆ, ಬೆರಳು ಇಟ್ಟರೆ ತಗೊಳ್ಳುತ್ತಿಲ್ಲ.

"ತಮಾ, ಮಗ ಫೋನ್ ಮಾಡಿರೂ ಅವನ ಹೆಸರು ಬತ್ತಿಲ್ಲೆ. ಬರೀ ನಂಬರು ಬತ್ತಾ ಇದ್ದು" ಅಂದರು.

ಅವರು ದೂರು ಅಂತ ಹೇಳಿದ ಆ ಮಾತೇ ನನಗೆ ಬೇಕಾಗಿದ್ದ ಸುಳಿವು. ಫೋನ್ ಕೆಟ್ಟಿಲ್ಲ. ಆಂಡ್ರಾಯ್ಡ್ ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ ಒಳಗಿನ ಫೋಟೋ, ಮೆಸೇಜು, ಹೆಸರುಗಳು ಎಲ್ಲವೂ ಬೀಗದ ಒಳಗೇ ಇರುತ್ತವೆ. ಒಂದು ಸಲ ಪಿನ್ ಹೊಡೆದ ಮೇಲೆಯೇ ಆ ಬೀಗ ತೆರೆಯುವುದು. ಅಲ್ಲಿಯವರೆಗೆ ಬೆರಳಚ್ಚು ನಡೆಯುವುದಿಲ್ಲ. ಕರೆ ಬರುತ್ತದೆ, ಮಾತಾಡಬಹುದು. ಆದರೆ ಆ ನಂಬರ್ ಯಾರದ್ದು ಅಂತ ಫೋನಿಗೇ ಗೊತ್ತಿರುವುದಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಫೋನ್‌ಗಳಿಗೆಲ್ಲ ಈ ಬೀಗ ಕಡ್ಡಾಯ.

ಪಿನ್ ಇಟ್ಟವನು ಮಗ. ಅದರ ಹಿಂದಿನ ಭಾನುವಾರ ಬೆಂಗಳೂರಿಂದ ಬಂದಿದ್ದಾಗ, ಅಮ್ಮನ ಫೋನಿಗೆ ಲಾಕೇ ಇಲ್ಲ ಅಂತ ಆರು ಅಂಕಿಯ ಪಿನ್ ಹಾಕಿ, ಅವರ ಹೆಬ್ಬೆರಳನ್ನೂ ಸೇರಿಸಿ ಹೋಗಿದ್ದ. "ಮನೆಯ ಹಳೇ ಲ್ಯಾಂಡ್‌ಲೈನ್ ನಂಬರೇ ಹಾಕಿದ್ದೇನೆ, ಮರೆಯೋದೇ ಇಲ್ಲ" ಅಂದಿದ್ದ. ಅಮ್ಮನಿಗೆ ಆ ನಂಬರ್ ಬಾಯಿಪಾಠ. ಆದರೆ ಎಷ್ಟು ಸಲ ಹೊಡೆದರೂ ತಪ್ಪು ಅನ್ನುತ್ತಿತ್ತು. ಕೊನೆಗೆ ಮಗನೇ, ಅಂಗಡಿಗೆ ಕೊಟ್ಟು ರಿಸೆಟ್ ಮಾಡಿಸು ಅಂದನಂತೆ.

ರಿಸೆಟ್ ಮಾಡಲು ಎರಡು ನಿಮಿಷ ಸಾಕು. ಪವರ್ ಬಟನ್ ಜೊತೆ ವಾಲ್ಯೂಮ್ ಬಟನ್ ಒತ್ತಿ ಹಿಡಿದು, ರಿಕವರಿಗೆ ಹೋಗಿ, ಎಲ್ಲವನ್ನೂ ಅಳಿಸಿದರಾಯಿತು. ಆದರೆ ನಾನು ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ: ಒಳಗೆ ಏನಿದೆ? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡು ಇದ್ದು" ಅಂದರು. ಅವರ ಅತ್ತಿಗೆ ಹೇಳುತ್ತಿದ್ದ ಮದುವೆಯ ಸಂಪ್ರದಾಯದ ಹಾಡುಗಳು. ಎದುರು ಕೂರಿಸಿಕೊಂಡು ಫೋನಿನ ರೆಕಾರ್ಡರಿನಲ್ಲಿ ಒಂದೊಂದಾಗಿ ತುಂಬಿಸಿಕೊಂಡಿದ್ದರು. ಎಲ್ಲೂ ಬ್ಯಾಕಪ್ ಇಲ್ಲ.

ಹಾಗಾದರೆ ರಿಸೆಟ್ ಮಾತೇ ಇಲ್ಲ ಅಂದೆ. ಎಷ್ಟು ಸಲ, ಏನೇನು ಹೊಡೆದಿದ್ದೀರಿ ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇದು ನನ್ನ ಹಳೇ ರೂಢಿ. ಬಹಳಷ್ಟು ಫೋನ್‌ಗಳಲ್ಲಿ ಐದು ಸಲ ತಪ್ಪಿದರೆ ಅರ್ಧ ನಿಮಿಷ ಕಾಯಿಸುತ್ತದೆ. ಮತ್ತೂ ತಪ್ಪಿದರೆ ಕಾಯುವ ಹೊತ್ತು ಬೆಳೆಯುತ್ತಾ ಹೋಗುತ್ತದೆ. ಕೆಲವು ಫೋನ್‌ಗಳಲ್ಲಿ, ಇಷ್ಟು ಸಲ ತಪ್ಪಿದರೆ ಎಲ್ಲ ಅಳಿಸಿಬಿಡು ಅನ್ನುವ ಆಯ್ಕೆ ಕೂಡ ಇದೆ. ಅದನ್ನು ಯಾರಾದರೂ ಆನ್ ಮಾಡಿದ್ದರೆ ಕಣ್ಣೆದುರೇ ಎಲ್ಲ ಹೋಗುತ್ತದೆ. ಅದಕ್ಕೆ ಕೈ ಸುಮ್ನೆ ಓಡಿಸಬಾರದು.

ಸಂಜೆ ಮಗ ಕೆಲಸ ಮುಗಿಸಿದ ಮೇಲೆ ನನ್ನ ಫೋನಿಂದ ಸ್ಪೀಕರ್ ಹಾಕಿ ಮಾತಾಡಿದೆವು. ನಾನು ಅವನಿಗೆ ಪಿನ್ ಯಾವುದು ಅಂತ ಕೇಳಲಿಲ್ಲ. ಲ್ಯಾಂಡ್‌ಲೈನ್ ನಂಬರನ್ನು ಒಂದು ಸಲ ಬಾಯಿಬಿಟ್ಟು ಹೇಳಿ ಅಂದೆ. ಅವನು ಹೇಳಿದ. ಅಮ್ಮ ತಕ್ಷಣ, "ಅಲ್ದೋ, ಕಡೆಗಿನ ಎರಡು ತಿರುಗಾಮುರುಗಾ ಆತು" ಅಂದರು. ಮಗ ಇಪ್ಪತ್ತು ವರ್ಷದಿಂದ ಆ ನಂಬರಿಗೆ ಕರೆ ಮಾಡಿಲ್ಲ. ಅವನ ನೆನಪಿನಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾಗಿ ಕೂತಿದ್ದವು. ಪಿನ್ ಇಡುವಾಗಲೂ ಹಾಗೇ ಹೊಡೆದಿದ್ದ, ಎರಡನೇ ಸಲ ಕೇಳಿದಾಗಲೂ ಹಾಗೇ. ಅಮ್ಮ ಸರಿಯಾದ ನಂಬರ್ ಹೊಡೆಯುತ್ತಿದ್ದರು, ಫೋನಿಗೆ ಬೇಕಾಗಿದ್ದು ಮಗನ ತಪ್ಪು ನಂಬರ್. ಅದನ್ನು ಹೊಡೆದೆ, ತೆರೆಯಿತು.

ಆವತ್ತು ಬೇರೆ ಏನೂ ಮಾಡಲಿಲ್ಲ. ಮೊದಲು ಹಾಡುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿದೆ. ಮಗನ ಗೂಗಲ್ ಡ್ರೈವಿಗೂ ಕಳಿಸಿದೆ. ಆಮೇಲೆ ಅವರೇ ಕೂತು, ಸರಿಯಾದ ನಂಬರನ್ನೇ ಪಿನ್ ಮಾಡಿಕೊಂಡರು.

ನಾನು ಶಿರಸಿಯಲ್ಲಿ 12 ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಡಿಸ್‌ಪ್ಲೇ, ಚಾರ್ಜಿಂಗ್ ಪಿನ್ ಬಿಟ್ಟರೆ ಜಾಸ್ತಿ ಬರುವುದು ಇವೇ. ಈ ಕೆಲಸದಲ್ಲಿ ಸಾಫ್ಟ್‌ವೇರ್ ಗೊತ್ತಿರುವುದು ಕಾಲು ಭಾಗ. ಉಳಿದದ್ದು ವಿಚಾರಿಸುವುದು. ಫೋನ್ ಯಾರು ಕೊಡಿಸಿದರು, ಯಾರು ಮೊದಲು ಆನ್ ಮಾಡಿದರು, ಇಮೇಲ್ ಐಡಿ ಯಾರು ಮಾಡಿದರು? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೋನ್ ಒಬ್ಬರದ್ದು, ಖಾತೆ ತೆರೆದವರು ಇನ್ನೊಬ್ಬರು, ಸಿಮ್ ಮೂರನೆಯವರ ಹೆಸರಲ್ಲಿ ಇರುತ್ತದೆ. ಈ ಮೂವರನ್ನು ಒಂದು ಕಡೆ ಸೇರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ. 2016ರಲ್ಲಿ ಒಬ್ಬರು ಪ್ಯಾಟರ್ನ್ ಮರೆತು ಬಂದಿದ್ದರು. ಆಂಡ್ರಾಯ್ಡ್ 4.4ರ ತನಕ ಅದು ಸುಲಭ ಇತ್ತು. ಐದು ಸಲ ತಪ್ಪಿದ ಮೇಲೆ, ಪ್ಯಾಟರ್ನ್ ಮರೆತಿರಾ ಅಂತ ಕೇಳುತ್ತಿತ್ತು. ಜಿಮೇಲ್ ಐಡಿ, ಪಾಸ್‌ವರ್ಡ್ ಹಾಕಿದರೆ ಒಳಗೆ ಬಿಡುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಅದು ಹೋಯಿತು. 2015ರಲ್ಲಿ 5.1 ಬಂದಾಗ ಕಳ್ಳರಿಗೆ ಅಂತ ಇನ್ನೊಂದು ಕಾವಲು ಬಂತು. ನಾವು ರಿಪೇರಿಯವರು ಅದಕ್ಕೆ ಎಫ್‌ಆರ್‌ಪಿ ಅನ್ನುತ್ತೇವೆ. ಫೋನಿನಲ್ಲಿ ಗೂಗಲ್ ಖಾತೆಯೂ ಸ್ಕ್ರೀನ್ ಲಾಕೂ ಇದ್ದು, ಬಟನ್ ಒತ್ತಿ ಹೊರಗಿಂದ ರಿಸೆಟ್ ಮಾಡಿದರೆ, ಮತ್ತೆ ಆನ್ ಆದಾಗ ಅದೇ ಹಳೇ ಖಾತೆಯನ್ನು ಕೇಳುತ್ತದೆ. ಅದನ್ನು ಕೊಡದಿದ್ದರೆ ಫೋನ್ ಮುಂದಕ್ಕೆ ಹೋಗುವುದಿಲ್ಲ. ನಾನು ಏನೂ ಕೇಳದೆ ರಿಸೆಟ್ ಮಾಡಿಬಿಟ್ಟೆ. ಅವರ ಫೋಟೋಗಳೂ ಹೋದವು, ಫೋನೂ ಹಳೇ ಖಾತೆ ಕೇಳುತ್ತಾ ನಿಂತಿತು. ಫೋನ್ ಕೊಂಡ ದಿನ ಆ ಅಂಗಡಿಯ ಹುಡುಗ ತನಗೆ ತೋಚಿದ ಹೆಸರಿನಲ್ಲಿ ಖಾತೆ ಮಾಡಿಕೊಟ್ಟಿದ್ದ. ಐಡಿ ಅವರಿಗೂ ಗೊತ್ತಿಲ್ಲ, ಆ ಹುಡುಗನೂ ಊರಲ್ಲಿಲ್ಲ.

ಕೊನೆಗೆ ಐಡಿ ಸಿಕ್ಕಿದ್ದು ಅವರ ತಂಗಿಯ ಮನೆಯಲ್ಲಿ. ಒಂದು ಸಲ ತಂಗಿಗೆ ಆ ಐಡಿಯಿಂದ ಒಂದು ಫೋಟೋ ಮೇಲ್ ಆಗಿತ್ತು. ಐಡಿ ಸಿಕ್ಕ ಮೇಲೆ ಅವರ ಸಿಮ್‌ಗೆ ಓಟಿಪಿ ತರಿಸಿ ಪಾಸ್‌ವರ್ಡ್ ಬದಲಿಸಿದೆವು. ಬದಲಿಸಿದ ಕೂಡಲೇ ಫೋನಿಗೆ ಹೊಸ ಪಾಸ್‌ವರ್ಡ್ ಹಾಕಿದರೆ ತಗೊಳ್ಳಲಿಲ್ಲ. ಹೊಸ ಪಾಸ್‌ವರ್ಡ್ ನಡೆಯಲು 24 ಗಂಟೆಯವರೆಗೆ ಕಾಯಬೇಕಾಗಬಹುದು. ಆವತ್ತು ನನಗೆ ಅದು ತಿಳಿಯದೆ ಮತ್ತೆ ಮತ್ತೆ ಬದಲಿಸಿ, ಕಾಯುವುದನ್ನು ಇನ್ನೂ ಉದ್ದ ಮಾಡಿದೆ. ಫೋನ್ ತೆರೆಯಿತು, ಫೋಟೋ ಬರಲಿಲ್ಲ. ಅವರು ನನಗೆ ಬೈಯಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ.

ಗೂಗಲ್ ಖಾತೆ ವಾಪಸ್ ಪಡೆಯುವಾಗ ನಾನು ಜನರನ್ನು ಅಂಗಡಿಯಲ್ಲಿ ಕೂರಿಸುವುದಿಲ್ಲ, ಮನೆಗೆ ಕಳಿಸುತ್ತೇನೆ. ಯಾವ ಫೋನಿನಲ್ಲಿ, ಯಾವ ಜಾಗದಲ್ಲಿ ಕೂತು ಪ್ರಯತ್ನ ಮಾಡುತ್ತೀರಿ ಅನ್ನುವುದನ್ನು ಗೂಗಲ್ ನೋಡುತ್ತದೆ. ದಿನಾ ಬಳಸುವ ಫೋನು, ಮನೆಯ ವೈಫೈ ಆದರೆ ನಂಬಿಕೆ ಜಾಸ್ತಿ. ಹಳೇ ಪಾಸ್‌ವರ್ಡ್ ಕೇಳಿದರೆ, ಗೊತ್ತಿಲ್ಲ ಅನ್ನುವ ಬದಲು ನೆನಪಿರುವುದರಲ್ಲಿ ತೀರಾ ಇತ್ತೀಚಿನದನ್ನು ಹಾಕಿ. ಕೆಲವೊಮ್ಮೆ ಗಂಟೆಗಟ್ಟಲೆ, ದಿನಗಟ್ಟಲೆ ಕಾಯಿರಿ ಅನ್ನುತ್ತದೆ. ಕಾಯಬೇಕು, ಬೇರೆ ದಾರಿ ಇಲ್ಲ. ಅವಸರಕ್ಕೆ ಗೂಗಲ್ ಕಸ್ಟಮರ್ ಕೇರ್ ಅಂತ ಹುಡುಕಿ, ಸಿಕ್ಕ ನಂಬರಿಗೆ ಕರೆ ಮಾಡಬೇಡಿ. ಖಾತೆ ತೆರೆದುಕೊಡುತ್ತೇವೆ ಅಂತ ಫೋನಿನಲ್ಲಿ ಓಟಿಪಿ ಕೇಳುವವರು ಮೋಸಗಾರರು. ಹಾಗೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಓಟಿಪಿಯದ್ದೇ ಇಲ್ಲಿ ದೊಡ್ಡ ಗೋಳು. ಘಟ್ಟದ ಕಣಿವೆ ಮನೆಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮೆಸೇಜ್ ಬರುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿರುತ್ತದೆ. ಅದಕ್ಕಿಂತ ಕಷ್ಟದ್ದು, ಖಾತೆಗೆ ಕೊಟ್ಟ ನಂಬರೇ ಈಗ ನಿಮ್ಮದಲ್ಲ ಅನ್ನುವುದು. ಪ್ರಿಪೇಯ್ಡ್ ಸಿಮ್ 90 ದಿನ ಬಳಸದೆ ಬಿಟ್ಟರೆ ಅದನ್ನು ಬಂದ್ ಮಾಡಬಹುದು. ಮುಂದೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ.

ಒಬ್ಬ ಅಡಿಕೆ ವ್ಯಾಪಾರಿಗೆ ಹಾಗೇ ಆಗಿತ್ತು. ಲೆಕ್ಕವೆಲ್ಲ ಡ್ರೈವಿನ ಶೀಟಿನಲ್ಲಿ. ಪಾಸ್‌ವರ್ಡ್ ಮರೆತಿದೆ, ನಂಬರ್ ಹೋಗಿದೆ. ಮನೆಯಲ್ಲಿ ಹಳೇ ಫೋನ್ ಏನಾದರೂ ಇದೆಯಾ ಅಂತ ಕೇಳಿದೆ. ಟಚ್ ಒಡೆದದ್ದೊಂದು ಕಪಾಟಿನಲ್ಲಿ ಬಿದ್ದಿದೆ ಅಂದರು. ತರಿಸಿ ಚಾರ್ಜ್ ಮಾಡಿದೆ. ಪರದೆ ಉರಿಯುತ್ತಿತ್ತು, ಬೆರಳಿಗೆ ಮಾತ್ರ ಜಗ್ಗುತ್ತಿರಲಿಲ್ಲ. ಓಟಿಜಿ ಕೇಬಲ್ ಹಾಕಿ, ಕಂಪ್ಯೂಟರಿನ ಮೌಸ್ ಜೋಡಿಸಿದೆ. ಪರದೆ ಮೇಲೆ ಬಾಣ ಕಾಣಿಸಿತು. ಅದರಲ್ಲೇ ಪ್ಯಾಟರ್ನ್ ಎಳೆದು, ವೈಫೈಗೆ ಸೇರಿಸಿದೆವು. ಆ ಫೋನಿನಲ್ಲಿ ಖಾತೆ ಇನ್ನೂ ತೆರೆದೇ ಇತ್ತು. ಹೊಸ ಫೋನಿನಲ್ಲಿ ಮತ್ತೆ ಪ್ರಯತ್ನ ಮಾಡಿದಾಗ, ಇದು ನೀವೇನಾ ಅನ್ನುವ ಪ್ರಶ್ನೆ ಹಳೇ ಫೋನಿಗೆ ಬಂತು. ಮೌಸಿನಿಂದ ಹೌದು ಒತ್ತಿದರು. ಹಳೇ ಫೋನನ್ನು ಗುಜರಿಗೆ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಬೇರೆಯವರ ಖಾತೆ ಕೇಳುವ ಫೋನ್. 2024ರ ಮಾರಿಕಾಂಬಾ ಜಾತ್ರೆ ಮುಗಿದ ವಾರ ಕುಮಟಾದ ಒಬ್ಬ ಹುಡುಗ ಬಂದಿದ್ದ. ಜಾತ್ರೆಯ ಗದ್ದಲದಲ್ಲಿ ಯಾರೋ ಅರ್ಧ ಬೆಲೆಗೆ ಕೊಟ್ಟರಂತೆ. ಬಿಲ್ ಇಲ್ಲ, ಬಾಕ್ಸ್ ಇಲ್ಲ. "ಅಣ್ಣಾ, ಎಫ್‌ಆರ್‌ಪಿ ತೆಗೆದುಕೊಡಿ, ಎಷ್ಟಾದರೂ ಕೊಡ್ತೇನೆ" ಅಂದ. ನಾನು ತೆಗೆಯುವುದಿಲ್ಲ. ತಪ್ಪಿಸುವ ದಾರಿಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆ ಕಾವಲು ಇರುವುದೇ ಫೋನ್ ಕಳಕೊಂಡವರಿಗಾಗಿ. ಸಿಮ್ ಟ್ರೇ ಮೇಲಿದ್ದ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ನೋಡಿ, ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿದೆವು. ಬ್ಲಾಕ್ ಆಗಿದೆ ಅಂತ ಉತ್ತರ ಬಂತು. ಯಾರೋ ಕಳಕೊಂಡವರು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರು ಹಾಕಿದ್ದರು. ಹುಡುಗನನ್ನು ಪೊಲೀಸ್ ಠಾಣೆಗೆ ನಾನೇ ಕರೆದುಕೊಂಡು ಹೋದೆ. ಅವನ ದುಡ್ಡು ಹೋಯಿತು, ಪಾಪ. ಕೊಳ್ಳುವ ಮೊದಲೇ ಆ ಮೆಸೇಜ್ ಕಳಿಸಿದ್ದರೆ ಉಳಿಯುತ್ತಿತ್ತು. ಆನ್ ಆಗುವ ಫೋನ್ ಆದರೆ *#06# ಒತ್ತಿದರೂ ಐಎಂಇಐ ಕಾಣುತ್ತದೆ.

ಮಾರಿದವರು ಗುರುತಿನವರೇ ಆದರೆ ವಿಷಯ ಬೇರೆ. ಅವರನ್ನೇ ಅಂಗಡಿಗೆ ಕರೆಸುತ್ತೇನೆ. ಅವರ ಪಾಸ್‌ವರ್ಡ್ ಅವರೇ ಹೊಡೆಯಬೇಕು. ಫೋನಿನಲ್ಲಿ ಹೇಳಿಸಿ ನಾನು ಹೊಡೆಯುವುದಿಲ್ಲ.

ಸಣ್ಣ ತೊಂದರೆಗಳೂ ಇವೆ. ಸೈನ್ ಇನ್ ಆಗುತ್ತಲೇ ಇಲ್ಲ, ಸರ್ವರ್ ಸಮಸ್ಯೆ ಅನ್ನುತ್ತಿದೆ ಅಂದರೆ ಮೊದಲು ತಾರೀಖು ನೋಡಿ. ಬ್ಯಾಟರಿ ಸತ್ತು ಎದ್ದ ಫೋನಿನಲ್ಲಿ ಎಷ್ಟೋ ಸಲ ತಾರೀಖು ವರ್ಷಗಟ್ಟಲೆ ಹಿಂದೆ ಇರುತ್ತದೆ. ಅದನ್ನು ಸರಿ ಮಾಡಿದರೆ ಮುಗಿಯಿತು. ಆಗದಿದ್ದರೆ ಗೂಗಲ್ ಪ್ಲೇ ಸರ್ವಿಸಸ್ ಆ್ಯಪಿನ ಕ್ಯಾಶ್, ಅಂದರೆ ತಾತ್ಕಾಲಿಕ ಫೈಲುಗಳನ್ನು ಅಳಿಸಿ. ಐಡಿಯ ಅಕ್ಷರ ಒಂದೊಂದೇ ಓದಿ, ಜಿಮೇಲ್ ಅನ್ನುವುದರ ಕಾಗುಣಿತವೇ ತಪ್ಪಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅಡಿಕೆ ಸುಲಿಯುವ ಸಮಯದಲ್ಲಿ ಬೆರಳಚ್ಚು ಹಿಡಿಯುತ್ತಿಲ್ಲ ಅಂತ ದಿನಕ್ಕೊಬ್ಬರು ಬರುತ್ತಾರೆ. ಮೆಟ್ಟುಗತ್ತಿಯ ಗೆರೆಗಳು, ಮೇಲೆ ಅಡಿಕೆಯ ಕಪ್ಪು. ಸುಲಿಯುವಾಗ ಜಾಸ್ತಿ ಸವೆಯದ ಒಂದು ಬೆರಳನ್ನು, ಎಡಗೈ ಉಂಗುರದ ಬೆರಳಾದರೂ ಸರಿ, ಮೊದಲೇ ಸೇರಿಸಿಟ್ಟುಕೊಳ್ಳಿ.

ಹೊಸ ಫೋನ್ ಸೆಟ್ ಮಾಡಲು ಬಂದವರಿಗೆ ಈಗ ನಾನು ಖಾತೆ ಮಾಡಿಕೊಡುವುದಿಲ್ಲ. ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಮಾಡಿಸುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಎರಡು ಹಂತದ ಪರಿಶೀಲನೆ ಆನ್ ಮಾಡಿದರೆ ಗೂಗಲ್ ಓಟಿಪಿ ಬದಲಿಗೆ ಹೊಡೆಯಬಹುದಾದ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಎಂಟು ಅಂಕಿ. ಸಿಗ್ನಲ್ ಇಲ್ಲದ ಊರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಇಲ್ಲ. ಅದನ್ನು ಕಾಗದದಲ್ಲಿ ಬರೆದು, ಪಹಣಿ, ರೇಷನ್ ಕಾರ್ಡ್ ಇಡುವ ಕವರಿನಲ್ಲಿ ಇಡಿ ಅನ್ನುತ್ತೇನೆ. ಇಮೇಲ್ ಐಡಿಯನ್ನು ಫೋನಿನ ಬಾಕ್ಸಿನ ಒಳಗೆ ಬರೆಯಿರಿ. ವಿದೇಶದಲ್ಲಿರುವ ಮಕ್ಕಳು ಮಾಡಿಟ್ಟು, ಯಾರೂ ಮುಟ್ಟದ ಖಾತೆ ಇದ್ದರೆ ಒಮ್ಮೆ ತೆರೆಯಿರಿ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸುತ್ತಿದೆ.

ಫೋನ್ ಬೇರೆಯವರಿಗೆ ಕೊಡುವ ಮೊದಲು, ಅದು ತೆರೆಯುತ್ತಿರುವಾಗಲೇ, ಸೆಟ್ಟಿಂಗ್ಸ್‌ಗೆ ಹೋಗಿ ಖಾತೆ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್ ಒಳಗಿಂದಲೇ ರಿಸೆಟ್ ಮಾಡಿ.

ಈಗಾಗಲೇ ಲಾಕ್ ಆಗಿದ್ದರೆ ಏನೂ ಒತ್ತಬೇಡಿ. ಬರುವಾಗ ಬಾಕ್ಸು, ಬಿಲ್ಲು, ಹಳೇ ಫೋನುಗಳು, ಮನೆಯಲ್ಲಿರುವ ಹಳೇ ಸಿಮ್‌ಗಳು, ಎಲ್ಲ ತನ್ನಿ. ಪಿನ್ ಇಟ್ಟವರು ದೂರದಲ್ಲಿದ್ದರೆ ಅವರಿಗೆ ಬಿಡುವಾಗುವ ಹೊತ್ತು ಕೇಳಿಕೊಂಡು ಬನ್ನಿ. ಆ ಹೊತ್ತಿಗೆ ಅಂಗಡಿ ತೆಗೆದೇ ಇಟ್ಟಿರುತ್ತೇನೆ.